‘ಜನತೆ’ ಎಂದರೆ ಯಾರು? ಜನಪ್ರಿಯವಾದ, ರಾಜಕೀಯ ಅಸ್ಮಿತೆ ಮತ್ತು ಪ್ರಜಾಪ್ರಭುತ್ವ

ಚುನಾವಣೆಯ ದಿನಗಳಲ್ಲಿ ‘ಜನಪ್ರಿಯ’ ಎಂಬ ಪದಕ್ಕೆ ಬಿಡುವಿಲ್ಲ. ಸಾಲ ಮನ್ನಾ ಮಾಡಿದರೆ ಜನಪ್ರಿಯ ಘೋಷಣೆ, ತೆರಿಗೆ ಏರಿಸದಿದ್ದರೆ ಜನಪ್ರಿಯ ಬಜೆಟ್, ಅಗ್ಗದ ದರದಲ್ಲಿ ಅಕ್ಕಿ ಕೊಟ್ಟರೆ ಜನಪ್ರಿಯ ಯೋಜನೆ. ಬೊಕ್ಕಸದ ಚಿಂತೆಯಿಲ್ಲದೆ ಮತಕ್ಕಾಗಿ ಮಾಡುವ ಖರ್ಚು ಎಂಬ ಆಕ್ಷೇಪವೂ ಈ ಪದದೊಳಗೇ ಅಡಗಿರುತ್ತದೆ. ಆದರೆ ರಾಜ್ಯಶಾಸ್ತ್ರದ ವಿದ್ವಾಂಸರು ಪಾಪ್ಯುಲಿಸಂ, ಅಂದರೆ ಜನಪ್ರಿಯವಾದ, ಎಂದು ಕರೆಯುವುದು ಇದನ್ನಲ್ಲ. ಸರ್ಕಾರ ಎಷ್ಟು ಖರ್ಚು ಮಾಡಿತು ಎಂಬುದು ಅವರ ಪ್ರಶ್ನೆಯಲ್ಲ. ನಾಯಕನೊಬ್ಬ ‘ಜನತೆಯ ಪರವಾಗಿ ಮಾತನಾಡುತ್ತಿದ್ದೇನೆ’ ಎಂದಾಗ ಆ ಜನತೆ ಯಾರು, ಅದರಿಂದ ಹೊರಗುಳಿದವರು ಯಾರು ಎಂಬುದೇ ಅವರ ಪ್ರಶ್ನೆ.

ಪ್ರಜಾಪ್ರಭುತ್ವದಲ್ಲಿ ಪ್ರಜೆಗಳೇ ಪ್ರಭುಗಳು ಎಂಬುದು ಶಾಲಾ ಪಾಠ. ಆದರೆ ಬೇರೆ ಬೇರೆ ಕಸುಬು, ಭಾಷೆ, ಅಂತಸ್ತಿನ ಕೋಟ್ಯಂತರ ಮಂದಿ ಒಂದೇ ‘ಜನತೆ’ ಆಗುವುದು ಹೇಗೆ ಎಂಬುದಕ್ಕೆ ಆ ಪಾಠದಲ್ಲಿ ಉತ್ತರವಿಲ್ಲ. ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡ ಸಿದ್ಧಾಂತಗಳಲ್ಲಿ ಒಂದು ಪ್ರಮುಖ ಧಾರೆ ಹುಟ್ಟಿದ್ದು ದಕ್ಷಿಣ ಅಮೆರಿಕದ ಅರ್ಜೆಂಟೀನಾದ ಅನುಭವದಿಂದ. ಆ ದೇಶದ ಕಥೆಯೊಂದಿಗೆ ಈ ಚರ್ಚೆಯ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಪದದ ಹಿನ್ನೆಲೆ

ಹತ್ತೊಂಬತ್ತನೇ ಶತಮಾನದಲ್ಲಿ ಎರಡು ದೂರದ ದೇಶಗಳಲ್ಲಿ ಈ ಪದಕ್ಕೆ ಬೇರುಗಳಿವೆ. ರಷ್ಯಾದಲ್ಲಿ ‘ನರೋದ್ನಿಕ್’ ಎಂದು ಕರೆಸಿಕೊಂಡ ವಿದ್ಯಾವಂತ ಯುವಕ ಯುವತಿಯರು 1874ರಲ್ಲಿ ‘ಜನರ ಬಳಿಗೆ’ ಎನ್ನುತ್ತ ಹಳ್ಳಿಗಳಿಗೆ ಹೊರಟರು. ರೈತರು ಅವರನ್ನು ಅನುಮಾನದಿಂದಲೇ ಕಂಡರು, ಪೊಲೀಸರು ನೂರಾರು ಮಂದಿಯನ್ನು ಬಂಧಿಸಿದರು.

ಅಮೆರಿಕದಲ್ಲಿ ಆಗಿದ್ದು ಇದಕ್ಕಿಂತ ಭಿನ್ನ. ಅಲ್ಲಿ ರೈಲ್ವೆ ಕಂಪನಿಗಳ ಸಾಗಣೆ ದರ ಮತ್ತು ಬ್ಯಾಂಕುಗಳ ಸಾಲದಿಂದ ಬೇಸತ್ತ ರೈತರೇ ‘ಪೀಪಲ್ಸ್ ಪಾರ್ಟಿ’ ಕಟ್ಟಿಕೊಂಡರು. 1892ರಲ್ಲಿ ಒಮಾಹಾ ನಗರದಲ್ಲಿ ಪ್ರಣಾಳಿಕೆ ಹೊರಡಿಸಿದ ಪಕ್ಷದ ಅಭ್ಯರ್ಥಿ ಜೇಮ್ಸ್ ವೀವರ್ ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಪಕ್ಷ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಅದು ಮುಂದಿಟ್ಟ ಆದಾಯ ತೆರಿಗೆ ಮತ್ತು ಸೆನೆಟ್ ಸದಸ್ಯರ ನೇರ ಚುನಾವಣೆಯ ಬೇಡಿಕೆಗಳು 1913ರಲ್ಲಿ ಸಂವಿಧಾನ ತಿದ್ದುಪಡಿಗಳಾಗಿ ಜಾರಿಗೆ ಬಂದವು. ಜನಪ್ರಿಯವಾದವೆಂದರೆ ಬರೀ ಭಾವೋದ್ರೇಕ ಎನ್ನುವವರು ಈ ಉದಾಹರಣೆಯನ್ನು ಗಮನಿಸಬೇಕಾಗುತ್ತದೆ.

ಒಂದೇ ಪದದಡಿ ಇಷ್ಟು ಭಿನ್ನ ಚಳವಳಿಗಳಿರುವುದು ವಿದ್ವಾಂಸರಿಗೆ ತಲೆನೋವಾಯಿತು. 1967ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಇದಕ್ಕೆಂದೇ ಸಮ್ಮೇಳನ ನಡೆಯಿತು. ಅಲ್ಲಿನ ಪ್ರಬಂಧಗಳನ್ನು ಗೀತಾ ಇಯೊನೆಸ್ಕು ಮತ್ತು ಅರ್ನೆಸ್ಟ್ ಗೆಲ್ನರ್ 1969ರಲ್ಲಿ ಪುಸ್ತಕವಾಗಿ ಹೊರತಂದರಾದರೂ ಎಲ್ಲರೂ ಒಪ್ಪುವ ವ್ಯಾಖ್ಯೆ ದೊರೆಯಲಿಲ್ಲ.

1945ರ ಅಕ್ಟೋಬರ್ 17

ಅರ್ಜೆಂಟೀನಾದಲ್ಲಿ 1943ರ ಜೂನ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಆ ಸರ್ಕಾರದಲ್ಲಿ ಕಾರ್ಮಿಕ ಇಲಾಖೆಯ ಹೊಣೆ ಹೊತ್ತವರು ಕರ್ನಲ್ ಹುವಾನ್ ಡೊಮಿಂಗೊ ಪೆರೋನ್. ವರ್ಷಗಳಿಂದ ಕಡತದಲ್ಲಿ ಮಲಗಿದ್ದ ಕಾರ್ಮಿಕರ ಅಹವಾಲುಗಳಿಗೆ ಅವರು ಜೀವ ಕೊಟ್ಟರು. ಸಂಘಗಳೊಡನೆ ಮಾತುಕತೆ ನಡೆಸಿದರು, 1944ರಲ್ಲಿ ಕೃಷಿ ಕೂಲಿಗಳಿಗೆ ಪ್ರತ್ಯೇಕ ಕಾನೂನು ತಂದರು. ಅವರ ಪ್ರಭಾವ ಬೆಳೆಯುತ್ತಿರುವುದನ್ನು ಕಂಡ ಸಹ ಅಧಿಕಾರಿಗಳು 1945ರ ಅಕ್ಟೋಬರ್‌ನಲ್ಲಿ ಅವರನ್ನು ಹುದ್ದೆಯಿಂದ ಇಳಿಸಿ ಬಂಧನದಲ್ಲಿಟ್ಟರು.

ಅಕ್ಟೋಬರ್ 17ರಂದು ರಾಜಧಾನಿ ಬ್ಯೂನಸ್ ಐರಿಸ್‌ನ ಹೊರವಲಯದ ಕೈಗಾರಿಕಾ ಪ್ರದೇಶಗಳಿಂದ ಕಾರ್ಮಿಕರು ಸಾಗರದಂತೆ ಹರಿದುಬಂದರು. ಅಧ್ಯಕ್ಷರ ಭವನದ ಮುಂದಿನ ಪ್ಲಾಜಾ ದೆ ಮಾಯೊ ಚೌಕದಲ್ಲಿ ಸೇರಿ ಪೆರೋನ್ ಬಿಡುಗಡೆಗೆ ಪಟ್ಟು ಹಿಡಿದರು. ನಡೆದು ದಣಿದವರು ಚೌಕದ ಕಾರಂಜಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಛಾಯಾಚಿತ್ರ ಆ ದೇಶದಲ್ಲಿ ಇಂದಿಗೂ ಪ್ರಸಿದ್ಧ. ನಗರದ ಸಿರಿವಂತರಿಗೆ ಅದು ಅಸಭ್ಯತೆಯಾಗಿ ಕಂಡಿತು. ಕುಳಿತವರಿಗೆ ಅದು ತಮ್ಮ ರಾಜಧಾನಿಗೆ ತಾವು ಬಂದ ದಿನವಾಗಿತ್ತು. ಅಂದು ರಾತ್ರಿಯೇ ಪೆರೋನ್ ಬಿಡುಗಡೆಗೊಂಡು ಭವನದ ಮೊಗಸಾಲೆಯಿಂದ ಮಾತನಾಡಿದರು.

1946ರ ಫೆಬ್ರವರಿಯ ಚುನಾವಣೆಯಲ್ಲಿ ರಾಡಿಕಲ್ ಪಕ್ಷ, ಸಮಾಜವಾದಿಗಳು, ಕಮ್ಯುನಿಸ್ಟರು ಒಟ್ಟಾಗಿ ಪೆರೋನ್ ವಿರುದ್ಧ ನಿಂತರು. ಅಮೆರಿಕದ ರಾಯಭಾರಿಯಾಗಿದ್ದ ಸ್ಪ್ರುಯಿಲ್ ಬ್ರೇಡನ್ ಕೂಡ ಅವರ ವಿರೋಧಿ. ‘ಬ್ರೇಡನ್ ಅಥವಾ ಪೆರೋನ್’ ಎಂಬ ಘೋಷಣೆಯೊಂದಿಗೆ ಪೆರೋನ್ ಇಡೀ ಚುನಾವಣೆಯನ್ನು ಎರಡೇ ಪಾಳಯವಾಗಿ ಸೀಳಿದರು ಮತ್ತು ಗೆದ್ದರು. ಕಾರ್ಮಿಕರ ಹೆಸರಿನಲ್ಲಿ ಹುಟ್ಟಿದ ಎಡಪಕ್ಷಗಳು ಒಂದು ಕಡೆ, ಬಹುಪಾಲು ಕಾರ್ಮಿಕರು ಇನ್ನೊಂದು ಕಡೆ. ಇದು ಹೇಗಾಯಿತು?

ಇಟಲಿಯಲ್ಲಿ ಮುಸ್ಸೋಲಿನಿಯ ಆಡಳಿತದಿಂದ ತಪ್ಪಿಸಿಕೊಂಡು ಅರ್ಜೆಂಟೀನಾಕ್ಕೆ ಬಂದಿದ್ದ ಸಮಾಜಶಾಸ್ತ್ರಜ್ಞ ಜೀನೊ ಜೆರ್ಮಾನಿ ಒಂದು ಉತ್ತರ ಕೊಟ್ಟರು. ಹಳ್ಳಿಗಳಿಂದ ನಗರಕ್ಕೆ ಹೊಸದಾಗಿ ವಲಸೆ ಬಂದ, ಸಂಘಟನೆಯ ಅನುಭವವಿಲ್ಲದ ಜನ ನಾಯಕನ ಮೋಡಿಗೆ ಒಳಗಾದರು ಎಂಬುದು ಅದರ ಸಾರ. ಆದರೆ 1971ರಲ್ಲಿ ಮಿಗೆಲ್ ಮುರ್ಮಿಸ್ ಮತ್ತು ಹುವಾನ್ ಕಾರ್ಲೋಸ್ ಪೋರ್ತಾಂತಿಯೆರೊ ಈ ವಾದವನ್ನು ಪ್ರಶ್ನಿಸಿದರು. ಹಳೆಯ, ಅನುಭವಿ ಕಾರ್ಮಿಕ ಸಂಘಗಳೂ ಲೆಕ್ಕಾಚಾರ ಮಾಡಿಯೇ ಪೆರೋನ್ ಜೊತೆ ನಿಂತಿದ್ದವು ಎಂದು ಅವರು ತೋರಿಸಿದರು. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಮಾತು ಇಲ್ಲಿ ಸಾಲದಾಯಿತು.

ಒಳಗೆ ಬಂದವರು, ಹೊರಗಾದವರು

ಪೆರೋನ್ ಆಡಳಿತಕ್ಕೆ ಎರಡು ಮುಖಗಳಿವೆ. 1947ರಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. ಅದಕ್ಕಾಗಿ ಹೋರಾಡಿದವರು ಮೊದಲೂ ಇದ್ದರು, ಆದರೆ ಕಾನೂನು ಆದಾಗ ಅದರ ಮುಂಚೂಣಿಯಲ್ಲಿದ್ದವರು ಪೆರೋನ್ ಪತ್ನಿ ಎವಾ. 1951ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಚಲಾಯಿಸಿದರು. ಕೂಲಿ ಏರಿತು, ಸಂಘಗಳ ಸದಸ್ಯತ್ವ ಹಿಗ್ಗಿತು. ‘ಅಂಗಿಯಿಲ್ಲದವರು’ ಎಂಬ ಅರ್ಥದ ‘ದೆಸ್ಕಮಿಸಾದೋಸ್’ ಎಂಬ ಮೂದಲಿಕೆಯ ಪದವನ್ನೇ ಬಡವರು ಹೆಮ್ಮೆಯಿಂದ ಧರಿಸಿಕೊಂಡರು. ರಾಜಕೀಯ ಅಸ್ಮಿತೆ ಹುಟ್ಟುವ ಬಗೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನೊಂದು ಮುಖ ಕಠೋರವಾದದ್ದು. ಸುಪ್ರೀಂ ಕೋರ್ಟಿನ ಬಹುತೇಕ ನ್ಯಾಯಮೂರ್ತಿಗಳನ್ನು ಮಹಾಭಿಯೋಗದ ಮೂಲಕ ಹೊರಹಾಕಲಾಯಿತು. 1949ರಲ್ಲಿ ಹೊಸ ಸಂವಿಧಾನ ಬಂದು ಅಧ್ಯಕ್ಷರ ಮರುಆಯ್ಕೆಗೆ ದಾರಿಯಾಯಿತು. ಅದೇ ವರ್ಷ ವಿರೋಧಿ ನಾಯಕ ರಿಕಾರ್ಡೊ ಬಾಲ್ಬಿನ್ ಸಂಸತ್ತಿನಿಂದ ಉಚ್ಚಾಟಿತರಾದರು, ಬಳಿಕ ಸೆರೆಮನೆ ಸೇರಿದರು. 1869ರಿಂದ ಪ್ರಕಟವಾಗುತ್ತಿದ್ದ ‘ಲಾ ಪ್ರೆನ್ಸಾ’ ದೈನಿಕವನ್ನು 1951ರಲ್ಲಿ ಮಾಲೀಕರಿಂದ ಕಸಿದು ಕಾರ್ಮಿಕ ಒಕ್ಕೂಟದ ಕೈಗೆ ಕೊಡಲಾಯಿತು. ಪತ್ರಿಕೆಯನ್ನು ಜನತೆಗೆ ಮರಳಿಸಲಾಗಿದೆ ಎಂಬುದು ಸರ್ಕಾರದ ಸಮರ್ಥನೆ. ಆ ಪತ್ರಿಕೆಯ ಓದುಗರು ಜನತೆಯಲ್ಲವೇ ಎಂದು ಕೇಳುವವರಿಗೆ ಅಲ್ಲಿ ಜಾಗವಿರಲಿಲ್ಲ.

ನಿಷೇಧಕ್ಕೊಳಗಾದ ಹೆಸರು

ವಿರೋಧಿಗಳ ಕ್ರಮ ಇನ್ನೂ ಕ್ರೂರವಾಗಿತ್ತು. 1955ರ ಜೂನ್ 16ರಂದು ಬಂಡಾಯ ನೌಕಾಪಡೆಯ ವಿಮಾನಗಳು ಪ್ಲಾಜಾ ದೆ ಮಾಯೊ ಮೇಲೆ ಬಾಂಬ್ ಸುರಿದವು. 300ಕ್ಕೂ ಹೆಚ್ಚು ಮಂದಿ ಸತ್ತರು. ಸೆಪ್ಟೆಂಬರ್‌ನಲ್ಲಿ ಸೇನೆ ಪೆರೋನ್ ಸರ್ಕಾರವನ್ನು ಉರುಳಿಸಿತು. 1956ರ ಮಾರ್ಚ್‌ನಲ್ಲಿ ಹೊರಡಿಸಿದ 4161ನೇ ಸುಗ್ರೀವಾಜ್ಞೆ ಪೆರೋನ್ ಹೆಸರು, ಚಿತ್ರ, ಪಕ್ಷದ ಹಾಡು, ಚಿಹ್ನೆ ಎಲ್ಲದರ ಬಳಕೆಯನ್ನೂ ಅಪರಾಧವೆಂದು ಸಾರಿತು. 1952ರಲ್ಲಿ ತೀರಿಕೊಂಡಿದ್ದ ಎವಾ ಅವರ ಸಂರಕ್ಷಿತ ದೇಹವನ್ನು ಸೈನಿಕರು ಸಾಗಿಸಿ, ಇಟಲಿಯ ಮಿಲಾನ್ ನಗರದಲ್ಲಿ ಸುಳ್ಳು ಹೆಸರಿನಲ್ಲಿ ಹೂತರು. ಅದು ಪೆರೋನ್ ಕೈಸೇರಿದ್ದು 1971ರಲ್ಲಿ.

ಇಷ್ಟಾದರೂ ಆ ಅಸ್ಮಿತೆ ಅಳಿಯಲಿಲ್ಲ. 1957ರ ಸಂವಿಧಾನ ಸಭೆಯ ಚುನಾವಣೆಯಲ್ಲಿ ಪೆರೋನ್ ಬೆಂಬಲಿಗರಿಗೆ ಸ್ಪರ್ಧೆಗೆ ಅವಕಾಶವಿರಲಿಲ್ಲ. ಅವರು ಖಾಲಿ ಮತಪತ್ರ ಹಾಕಿದರು. ಎಣಿಕೆಯಾದಾಗ ಚಲಾವಣೆಯಾದ ಮತಗಳಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಖಾಲಿಯಾಗಿತ್ತು, ಯಾವುದೇ ಪಕ್ಷದ ಮತಗಳಿಗಿಂತ ಅದೇ ಹೆಚ್ಚು. ಪ್ರಜಾಪ್ರಭುತ್ವವನ್ನು ಉಳಿಸಲು ಜನರ ಒಂದು ದೊಡ್ಡ ಭಾಗವನ್ನೇ ಹೊರಗಿಡಬೇಕು ಎಂಬ ತರ್ಕ ತನ್ನ ಉದ್ದೇಶವನ್ನೇ ಸೋಲಿಸಿತ್ತು.

ಲಕ್ಲಾವ್ ಕೊಟ್ಟ ವಿವರಣೆ

ಈ ಪರಿಸರದಲ್ಲೇ ಬೆಳೆದವರು ಅರ್ನೆಸ್ಟೊ ಲಕ್ಲಾವ್. 1935ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಅವರು 1969ರಲ್ಲಿ ಇಂಗ್ಲೆಂಡಿಗೆ ತೆರಳಿ, ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಬೋಧಿಸಿದರು. ಬೆಲ್ಜಿಯಂ ಮೂಲದ ಶಾಂತಾಲ್ ಮೂಫ್ ಜೊತೆ 1985ರಲ್ಲಿ ಬರೆದ ‘ಹೆಜಮನಿ ಅಂಡ್ ಸೋಷಿಯಲಿಸ್ಟ್ ಸ್ಟ್ರಾಟೆಜಿ’ ಮತ್ತು 2005ರ ‘ಆನ್ ಪಾಪ್ಯುಲಿಸ್ಟ್ ರೀಸನ್’ ಅವರ ಮುಖ್ಯ ಕೃತಿಗಳು. 2014ರಲ್ಲಿ ಅವರು ನಿಧನರಾದರು.

ಲಕ್ಲಾವ್ ವಾದದ ಮೂಲ ಘಟಕ ವ್ಯಕ್ತಿಯೂ ಅಲ್ಲ, ವರ್ಗವೂ ಅಲ್ಲ, ಬೇಡಿಕೆ. ಒಂದು ಬಡಾವಣೆಗೆ ನೀರು ಬೇಕು, ಇನ್ನೊಂದಕ್ಕೆ ಬಸ್ಸು ಬೇಕು, ಕಾರ್ಖಾನೆಯವರಿಗೆ ಕೂಲಿ ಬೇಕು. ಆಡಳಿತ ಒಂದೊಂದನ್ನೂ ಬಿಡಿಯಾಗಿ ಈಡೇರಿಸಿದರೆ ಅವು ಅರ್ಜಿಗಳಾಗಿಯೇ ಮುಗಿಯುತ್ತವೆ. ಯಾವುದೂ ಈಡೇರದಿದ್ದಾಗ ಮೂವರಿಗೂ ಒಂದು ಸಮಾನ ಅನುಭವ ಉಂಟಾಗುತ್ತದೆ: ‘ನಮ್ಮ ಮಾತು ಕೇಳುವವರಿಲ್ಲ’. ಬೇಡಿಕೆಗಳು ಆಗ ಸರಪಳಿಯಂತೆ ಕೂಡಿಕೊಳ್ಳುತ್ತವೆ. ಎದುರಿಗೆ ‘ಅವರು’, ಇತ್ತ ‘ನಾವು’ ಎಂಬ ಗಡಿರೇಖೆ ಮೂಡುತ್ತದೆ.

ಆದರೆ ನೀರು, ಬಸ್ಸು, ಕೂಲಿಗಳ ನಡುವೆ ಸಹಜವಾದ ನಂಟಿಲ್ಲ. ಅವನ್ನು ಒಟ್ಟಿಗೆ ಹಿಡಿಯಲು ಒಂದು ಹೆಸರು ಬೇಕು. ಅದು ಘೋಷಣೆಯಾಗಬಹುದು, ಬಾವುಟವಾಗಬಹುದು, ನಾಯಕನೇ ಆಗಬಹುದು. ಹೆಚ್ಚು ಹೆಚ್ಚು ಬೇಡಿಕೆಗಳನ್ನು ಹೊತ್ತಂತೆ ಆ ಹೆಸರಿನ ಸ್ವಂತ ಅರ್ಥ ತೆಳುವಾಗುತ್ತದೆ. ಲಕ್ಲಾವ್ ಇದನ್ನು ‘ಖಾಲಿ ಸಂಕೇತ’ ಎಂದರು. ಖಾಲಿ ಎಂದರೆ ನಿರರ್ಥಕವೆಂದಲ್ಲ. ಎಲ್ಲರೂ ತಮ್ಮ ತಮ್ಮ ಅರ್ಥವನ್ನು ತುಂಬಿಕೊಳ್ಳಲು ಜಾಗವಿದೆ ಎಂದು.

ಹೀಗಾಗಿ ‘ಜನತೆ’ ಮೊದಲೇ ಎಲ್ಲೋ ಇದ್ದು ನಾಯಕನಿಗಾಗಿ ಕಾಯುತ್ತಿರುವ ವಸ್ತುವಲ್ಲ, ರಾಜಕೀಯದ ಮೂಲಕವೇ ಅದು ರೂಪುಗೊಳ್ಳುತ್ತದೆ ಎಂಬುದು ಲಕ್ಲಾವ್ ನಿಲುವು. ಜನತೆಯನ್ನು ಕಟ್ಟುವ ಕೆಲಸವಿಲ್ಲದೆ ರಾಜಕೀಯವೇ ಇಲ್ಲ, ಅದು ಬರೀ ಆಡಳಿತವಾಗುತ್ತದೆ ಎಂದು ಅವರು ವಾದಿಸಿದರು.

ನಾಯಕ ಹಿಂದಿರುಗಿದಾಗ

ಪೆರೋನ್ ದೇಶಾಂತರದಲ್ಲಿದ್ದ ವರ್ಷಗಳು ಲಕ್ಲಾವ್ ಸಿದ್ಧಾಂತಕ್ಕೆ ಪ್ರಮುಖ ಉದಾಹರಣೆ. ನಾಯಕ ಸ್ಪೇನಿನಲ್ಲಿ, ಬೆಂಬಲಿಗರು ಅರ್ಜೆಂಟೀನಾದಲ್ಲಿ. ಕ್ರಾಂತಿಯ ಕನಸಿನ ಯುವಕರು, ಸಂಪ್ರದಾಯವಾದಿ ಕಾರ್ಮಿಕ ಮುಖಂಡರು, ಬಲಪಂಥೀಯರು ಎಲ್ಲರೂ ‘ಪೆರೋನ್ ಮರಳಲಿ’ ಎಂದರು. ಮರಳಿ ಏನು ಮಾಡಬೇಕು ಎಂಬುದರಲ್ಲಿ ಅವರಿಗೆ ಒಮ್ಮತವಿರಲಿಲ್ಲ. ನಾಯಕ ದೂರವಿದ್ದುದರಿಂದ ಒಮ್ಮತದ ಅಗತ್ಯವೂ ಬೀಳಲಿಲ್ಲ.

1973ರ ಜೂನ್ 20ರಂದು ಪೆರೋನ್ ಮರಳಿದರು. ಅವರನ್ನು ಸ್ವಾಗತಿಸಲು ಎಜೈಜಾ ವಿಮಾನ ನಿಲ್ದಾಣದ ಬಳಿ ನೆರೆದಿದ್ದ ಭಾರಿ ಜನಸ್ತೋಮದ ನಡುವೆ ಅವರ ಬೆಂಬಲಿಗರ ಬಣಗಳ ಮಧ್ಯೆಯೇ ಗುಂಡು ಹಾರಿತು. ಕನಿಷ್ಠ 13 ಮಂದಿ ಸತ್ತರು. ಸೆಪ್ಟೆಂಬರ್‌ನಲ್ಲಿ ಅವರು ಭಾರಿ ಬಹುಮತದಿಂದ ಅಧ್ಯಕ್ಷರಾದರೂ ಬಿರುಕು ಮುಚ್ಚಲಿಲ್ಲ. 1974ರ ಮೇ 1ರಂದು ಅದೇ ಪ್ಲಾಜಾ ದೆ ಮಾಯೊದಲ್ಲಿ ಅವರು ಎಡಪಂಥೀಯ ಯುವಕರನ್ನು ಬಹಿರಂಗವಾಗಿ ಜರಿದಾಗ, ಆ ಗುಂಪು ಚೌಕ ಬಿಟ್ಟು ಹೊರನಡೆಯಿತು. ಜುಲೈ 1ರಂದು ಪೆರೋನ್ ನಿಧನರಾದರು. 1976ರ ಮಾರ್ಚ್‌ನಲ್ಲಿ ಮತ್ತೆ ಸೇನೆ ಬಂತು. ಸಾವಿರಾರು ಮಂದಿ ಕಣ್ಮರೆಯಾದರು.

ಎಲ್ಲರ ಬೇಡಿಕೆಯನ್ನೂ ಒಂದು ಹೆಸರು ಹೊರಬಲ್ಲದು, ಆದರೆ ಆ ಹೆಸರಿನ ವ್ಯಕ್ತಿ ಆಳಬೇಕಾದಾಗ ಆಯ್ಕೆ ಅನಿವಾರ್ಯ. ಭಿನ್ನಮತವನ್ನು ಬಗೆಹರಿಸುವ ಪಕ್ಷದ ಚುನಾವಣೆ, ಸಂಸತ್ತಿನ ಚರ್ಚೆಯಂಥ ದಾರಿಗಳು ಬತ್ತಿಹೋಗಿದ್ದರೆ ಉಳಿಯುವುದು ಬಂದೂಕು. ಲಕ್ಲಾವ್ ತಮ್ಮ ಪುಸ್ತಕದಲ್ಲಿ ಈ ದುರಂತವನ್ನು ವಿವರಿಸುತ್ತಾರೆ. ಆದರೆ ಸಂಸ್ಥೆಗಳಿಗೆ ಅವರು ಸಾಕಷ್ಟು ಮಹತ್ವ ಕೊಡಲಿಲ್ಲ ಎಂಬ ಟೀಕೆ ಉಳಿದಿದೆ.

ಇತರ ಚಿಂತಕರ ನಿಲುವು

ಬ್ರಿಟನ್ನಿನ ಮಾರ್ಗರೆಟ್ ಕ್ಯಾನೊವನ್ 1999ರ ಪ್ರಬಂಧವೊಂದರಲ್ಲಿ ಪ್ರಜಾಪ್ರಭುತ್ವಕ್ಕೆ ಎರಡು ಮುಖಗಳಿವೆ ಎಂದರು. ಒಂದು, ಜನರೇ ತಮ್ಮ ಬದುಕನ್ನು ಬದಲಿಸಿಕೊಳ್ಳಬಲ್ಲರು ಎಂಬ ವಿಮೋಚನೆಯ ಭರವಸೆ. ಇನ್ನೊಂದು, ಭಿನ್ನಾಭಿಪ್ರಾಯಗಳನ್ನು ರಕ್ತಪಾತವಿಲ್ಲದೆ ನಿಭಾಯಿಸುವ ವ್ಯಾವಹಾರಿಕ ವ್ಯವಸ್ಥೆ. ಎರಡರ ನಡುವಿನ ಅಂತರ ಹೆಚ್ಚಿದಾಗ ಜನಪ್ರಿಯವಾದ ತಲೆಯೆತ್ತುತ್ತದೆ ಎಂಬುದು ಅವರ ವಾದ.

ನೆದರ್ಲೆಂಡ್ಸ್‌ನ ಕಾಸ್ ಮುಡ್ಡ 2004ರಲ್ಲಿ ಕೊಟ್ಟ ವ್ಯಾಖ್ಯೆ ಇಂದು ಹೆಚ್ಚು ಬಳಕೆಯಲ್ಲಿದೆ. ಸಮಾಜವನ್ನು ‘ಪರಿಶುದ್ಧ ಜನತೆ’ ಮತ್ತು ‘ಭ್ರಷ್ಟ ಗಣ್ಯವರ್ಗ’ ಎಂದು ಎರಡಾಗಿ ಕಾಣುವ ತೆಳು ಸಿದ್ಧಾಂತವೇ ಜನಪ್ರಿಯವಾದ. ಅದು ಎಡಪಂಥ, ಬಲಪಂಥ ಯಾವುದರ ಜೊತೆಗಾದರೂ ಬೆರೆಯಬಲ್ಲದು ಎನ್ನುತ್ತಾರೆ ಅವರು. ಅರ್ಜೆಂಟೀನಾವೇ ಇದಕ್ಕೆ ಸಾಕ್ಷಿ. 2023ರಲ್ಲಿ ಅಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಹಾವಿಯೆರ್ ಮಿಲೆ ಮುಕ್ತ ಮಾರುಕಟ್ಟೆಯ ಪ್ರತಿಪಾದಕ. ಅವರು ಹಳೆಯ ರಾಜಕಾರಣಿಗಳನ್ನೆಲ್ಲ ‘ಕಾಸ್ಟಾ’ ಎಂಬ ಒಂದೇ ಪದದಡಿ ಎದುರಾಳಿಯಾಗಿಸಿ, ಪೆರೋನ್‌ವಾದಿ ಅಭ್ಯರ್ಥಿಯನ್ನು ಸೋಲಿಸಿದರು. ಪೆರೋನ್ ಎಳೆದಿದ್ದ ಗೆರೆಯನ್ನು ಅವರ ಅನುಯಾಯಿಗಳ ವಿರುದ್ಧವೇ ಬೇರೆ ಕಡೆಯಿಂದ ಎಳೆಯಲಾಯಿತು.

ಜರ್ಮನಿಯ ಯಾನ್-ವೆರ್ನರ್ ಮುಲ್ಲರ್ 2016ರ ‘ವಾಟ್ ಈಸ್ ಪಾಪ್ಯುಲಿಸಂ?’ ಕೃತಿಯಲ್ಲಿ ಇನ್ನೂ ಕಟುವಾಗಿದ್ದಾರೆ. ಗಣ್ಯರನ್ನು ಟೀಕಿಸಿದ ಮಾತ್ರಕ್ಕೆ ಯಾರೂ ಜನಪ್ರಿಯವಾದಿಯಲ್ಲ. ‘ನಾವು ಮಾತ್ರವೇ ನಿಜವಾದ ಜನತೆಯ ಪ್ರತಿನಿಧಿಗಳು’ ಎಂದಾಗ ಅದು ಜನಪ್ರಿಯವಾದ. ವಿರೋಧಿಗೆ ಮತ ಹಾಕಿದವನು ಆಗ ನಾಗರಿಕನಾಗಿದ್ದರೂ ‘ಜನತೆ’ಯ ಸದಸ್ಯನಾಗುವುದಿಲ್ಲ. ಇದು ಬಹುತ್ವದ ನಿರಾಕರಣೆ ಎಂಬುದು ಮುಲ್ಲರ್ ಆಕ್ಷೇಪ.

ಫ್ರಾನ್ಸ್‌ನ ಕ್ಲಾಡ್ ಲೆಫೋರ್ ಇದೇ ಚಿಂತೆಯನ್ನು ಮೊದಲೇ ಬೇರೆ ರೀತಿಯಲ್ಲಿ ಹೇಳಿದ್ದರು. ರಾಜನ ಕಾಲದಲ್ಲಿ ಅಧಿಕಾರದ ಪೀಠದಲ್ಲಿ ಒಂದು ದೇಹ ಕೂತಿತ್ತು. ಪ್ರಜಾಪ್ರಭುತ್ವದಲ್ಲಿ ಆ ಪೀಠ ಖಾಲಿ. ಗೆದ್ದವರು ಸ್ವಲ್ಪ ಕಾಲ ಕೂರುತ್ತಾರೆ, ಆದರೆ ಅದು ಯಾರ ಸ್ವತ್ತೂ ಅಲ್ಲ. ಮೂಫ್ ನಡುದಾರಿಯೊಂದನ್ನು ಸೂಚಿಸುತ್ತಾರೆ: ‘ನಾವು-ಅವರು’ ಎಂಬ ಭೇದವನ್ನು ರಾಜಕೀಯದಿಂದ ಅಳಿಸಲಾಗದು, ಆದರೆ ‘ಅವರು’ ನಾಶವಾಗಬೇಕಾದ ಶತ್ರುಗಳಾಗದೆ, ಹಕ್ಕುಳ್ಳ ಎದುರಾಳಿಗಳಾಗಿರಬೇಕು.

ಭಾರತ ಮತ್ತು ಕರ್ನಾಟಕ

ಭಾರತದ ಸಂದರ್ಭದಲ್ಲಿ ಈ ಚರ್ಚೆ ಸಾಮಾನ್ಯವಾಗಿ 1971ರ ಲೋಕಸಭಾ ಚುನಾವಣೆಯತ್ತ ಹೊರಳುತ್ತದೆ. ವಿರೋಧಿಗಳು ‘ಇಂದಿರಾ ಹಟಾವೋ’ ಎಂದಾಗ ಇಂದಿರಾ ಗಾಂಧಿ ‘ಗರೀಬಿ ಹಟಾವೋ’ ಎಂದರು. 352 ಸ್ಥಾನ ಗೆದ್ದರು. 1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಇಂದಿರಾ ಎಂದರೆ ಇಂಡಿಯಾ ಎಂದು ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರುವಾ ಹೇಳಿದ ಮಾತು ಮುಲ್ಲರ್ ಆಕ್ಷೇಪಿಸುವ ತರ್ಕಕ್ಕೆ ಒಪ್ಪುವ ನಿದರ್ಶನ. 1977ರಲ್ಲಿ ಮತದಾರರು ಆ ಸಮೀಕರಣವನ್ನು ತಿರಸ್ಕರಿಸಿದರು.

ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ ಪಾಲಾದವು. ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರು 1972ರಿಂದ ಮಾಡಿದ್ದ ಕೆಲಸ ಇದಕ್ಕೆ ಒಂದು ಕಾರಣ. ಅದುವರೆಗೆ ಲಿಂಗಾಯತ ಮತ್ತು ಒಕ್ಕಲಿಗ ಸಮುದಾಯಗಳ ಪ್ರಾಬಲ್ಯವಿದ್ದ ರಾಜಕೀಯದಲ್ಲಿ ಚದುರಿಹೋಗಿದ್ದ ಸಣ್ಣ ಜಾತಿಗಳು ‘ಹಿಂದುಳಿದ ವರ್ಗ’ ಎಂಬ ಹೆಸರಿನಡಿ ಬಂದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ನೆಲದ ಹಕ್ಕು ಕೊಟ್ಟಿತು. 1975ರಲ್ಲಿ ಹಾವನೂರು ಆಯೋಗ ವರದಿ ಸಲ್ಲಿಸಿತು. ಬಿಡಿ ಬಿಡಿ ಬೇಡಿಕೆಗಳು ಒಂದು ಅಸ್ಮಿತೆಯಾಗಿ ಕೂಡಿಕೊಳ್ಳುವ ಬಗೆಗೆ ಕನ್ನಡಿಗರ ಕಣ್ಣೆದುರಿನ ಉದಾಹರಣೆ ಇದು.

1979ರಲ್ಲಿ ಅರಸು ಇಂದಿರಾ ಅವರಿಂದ ಬೇರೆಯಾದರು. 1980ರ ಜನವರಿಯ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದಲ್ಲಿ 27 ಸ್ಥಾನ ಗೆದ್ದಿತು. ಅರಸು ರಾಜೀನಾಮೆ ನೀಡಿದರು. ಕೆಲಸ ಮಾಡಿದವರು ಒಬ್ಬರು, ಸರಪಳಿಯನ್ನು ಹಿಡಿದಿದ್ದ ಹೆಸರು ಇನ್ನೊಬ್ಬರದು ಎಂದು ಲಕ್ಲಾವ್ ಪರಿಭಾಷೆಯಲ್ಲಿ ಇದನ್ನು ಓದಬಹುದು. ಆದರೆ ‘ಹಿಂದುಳಿದ ವರ್ಗ’ ಎಂಬ ಅಸ್ಮಿತೆ ಇಬ್ಬರು ನಾಯಕರ ನಂತರವೂ ಉಳಿಯಿತು. ಅದು ಕಾನೂನು, ಆಯೋಗ, ಮೀಸಲಾತಿಗಳಲ್ಲಿ ನೆಲೆ ಕಂಡಿದ್ದೇ ಇದಕ್ಕೆ ಮುಖ್ಯ ಕಾರಣ.

ಅಳತೆಗೋಲು ಯಾವುದು?

ಜನಪ್ರಿಯವಾದ ಪ್ರಜಾಪ್ರಭುತ್ವಕ್ಕೆ ಮದ್ದೋ ವಿಷವೋ ಎಂಬ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿಲ್ಲ. ಕಾರಂಜಿಯಲ್ಲಿ ಕಾಲು ಇಳಿಬಿಟ್ಟವರನ್ನು ‘ಜನತೆ’ ಎಂದು ಮೊದಲು ಕರೆದದ್ದು ಪೆರೋನ್ ಚಳವಳಿ. ಅವರನ್ನು ಅದುವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳದ ಸಭ್ಯ ಪ್ರಜಾಪ್ರಭುತ್ವ ಅಪೂರ್ಣವಾಗಿತ್ತು. ಪತ್ರಿಕೆ ಕಸಿದುಕೊಂಡ ಸರ್ಕಾರವೂ, ಒಂದು ಹೆಸರನ್ನೇ ಅಪರಾಧವಾಗಿಸಿದ ಸರ್ಕಾರವೂ ಮಾಡಿದ ತಪ್ಪು ಒಂದೇ ಜಾತಿಯದು. ಇಂದು ಯಾರು ಜನತೆಯೋ ಅವರೇ ಎಂದೆಂದಿಗೂ ಜನತೆ ಎಂದು ಎರಡೂ ಸರ್ಕಾರಗಳು ನಿರ್ಧರಿಸಿಬಿಟ್ಟವು.

ಆದ್ದರಿಂದ ಓದುಗರು ಗಮನಿಸಬೇಕಾದುದು ನಾಯಕ ಜನತೆಯ ಹೆಸರು ಹೇಳುತ್ತಾನೆಯೇ ಎಂಬುದನ್ನಲ್ಲ. ಪ್ರಜಾಪ್ರಭುತ್ವದಲ್ಲಿ ಎಲ್ಲರೂ ಅದನ್ನು ಹೇಳಲೇಬೇಕು. ಸೋತವರಿಗೆ ಮುಂದಿನ ಚುನಾವಣೆಯಲ್ಲಿ ಗೆಲ್ಲುವ ನಿಜವಾದ ಅವಕಾಶವಿದೆಯೇ? ವಿರೋಧಿಗಳ ಪತ್ರಿಕೆ ನಾಳೆಯೂ ಹೊರಬರುತ್ತದೆಯೇ? ಹೊಸ ಬೇಡಿಕೆಯೊಂದಿಗೆ ಚೌಕಕ್ಕೆ ಬಂದವರಿಗೆ ‘ನೀವೂ ಜನತೆಯೇ’ ಎಂಬ ಉತ್ತರ ಸಿಗುತ್ತದೆಯೇ? ಈ ಮೂರಕ್ಕೂ ಹೌದು ಎನ್ನಬಹುದಾದ ಕಡೆ ಗದ್ದಲ ಎಷ್ಟೇ ಇದ್ದರೂ ಪ್ರಜಾಪ್ರಭುತ್ವ ಉಸಿರಾಡುತ್ತಿರುತ್ತದೆ.